ಫಿಲ್ಟರ್ ಮೇಲೆ ಉಳಿದುಹೋಗುವ ವೈರಸ್: ಕಾಳಿ ಅಳಿವೆಯ ನೀರಿನಲ್ಲಿ ಕೆಲಸ ಮಾಡುವವರಿಗೆ

ಕಾರವಾರದ ಕೋಡಿಬಾಗದ ಹತ್ತಿರ, ಕಾಳಿ ನದಿ ಸಮುದ್ರ ಸೇರುವಲ್ಲಿಂದ ಒಂದು ಕ್ಯಾನ್ ನೀರು ತಂದು ಅದರಲ್ಲಿರುವ ವೈರಸ್ ನೋಡಬೇಕು ಎಂದರೆ ಹೆಚ್ಚಿನ ಪ್ರಯೋಗಾಲಯಗಳಲ್ಲಿ ಮೊದಲು ಮಾಡುವ ಕೆಲಸ ಒಂದೇ. ನೀರನ್ನು 0.2 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ತೂತಿನ ಫಿಲ್ಟರಿನಲ್ಲಿ ಸೋಸುತ್ತಾರೆ. ಮೇಲೆ ಉಳಿದದ್ದು ಬ್ಯಾಕ್ಟೀರಿಯಾ, ಕೆಳಗೆ ಇಳಿದದ್ದು ವೈರಸ್. ಈ ಲೆಕ್ಕ 1892ರಷ್ಟು ಹಳೆಯದು. ಡಿಮಿಟ್ರಿ ಇವನೋವ್ಸ್ಕಿ ರೋಗ ಬಂದ ತಂಬಾಕಿನ ಎಲೆಯ ರಸವನ್ನು ಪಿಂಗಾಣಿ ಫಿಲ್ಟರಿನಲ್ಲಿ ಸೋಸಿದಾಗ, ಸೋಸಿ ಇಳಿದ ರಸವೂ ರೋಗ ಹರಡಿತ್ತು. ಅಲ್ಲಿಂದ ಮುಂದೆ 'ಫಿಲ್ಟರ್ ದಾಟುವುದು' ಎನ್ನುವುದೇ ವೈರಸ್ಸಿನ ಗುರುತಾಗಿ ನಿಂತುಬಿಟ್ಟಿತು.

ದೈತ್ಯ ವೈರಸ್‌ಗಳ ಮಟ್ಟಿಗೆ, ಅಂದರೆ ಬ್ಯಾಕ್ಟೀರಿಯಾದಷ್ಟು ದೊಡ್ಡ ವೈರಸ್ಸುಗಳ ಮಟ್ಟಿಗೆ, ಈ ಲೆಕ್ಕ ತಪ್ಪು. ಅವುಗಳಲ್ಲೊಂದಾದ ಮಿಮಿವೈರಸ್ಸಿನ ಕವಚವೇ ಸುಮಾರು 500 ನ್ಯಾನೋಮೀಟರ್, ಅಂದರೆ ಅರ್ಧ ಮೈಕ್ರಾನ್. ಸುತ್ತಲಿನ ನಾರುಗಳನ್ನೂ ಸೇರಿಸಿದರೆ 750ರ ಹತ್ತಿರ. ಅದು 0.2 ಮೈಕ್ರಾನಿನ ತೂತಿನಲ್ಲಿ ಇಳಿಯುವ ಮಾತೇ ಇಲ್ಲ. 1992ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನ ಕೂಲಿಂಗ್ ಟವರ್ ನೀರಿನಲ್ಲಿದ್ದ ಅಮೀಬಾದೊಳಗೆ ಅದು ಕಂಡಾಗ, ಬ್ಯಾಕ್ಟೀರಿಯಾ ಗುರುತಿಸಲು ಹಚ್ಚುವ ಗ್ರಾಂ ಬಣ್ಣ ಹಿಡಿದಿದ್ದರಿಂದ ಬ್ಯಾಕ್ಟೀರಿಯಾ ಎಂದುಕೊಂಡು ಬ್ರಾಡ್‌ಫರ್ಡ್‌ಕಾಕಸ್ ಎಂದು ಹೆಸರನ್ನೂ ಇಟ್ಟರು. ಅದು ವೈರಸ್ ಎಂದು ಗೊತ್ತಾಗಿದ್ದು 2003ರಲ್ಲಿ. ಹನ್ನೊಂದು ವರ್ಷ ಕಣ್ಣೆದುರಿಗೇ ಇದ್ದ ವೈರಸ್ ಇದು. ಕಾರವಾರದ ನೀರಿನಲ್ಲಿ ಈ ಕೆಲಸ ಶುರು ಮಾಡುವವರು ಫಿಲ್ಟರ್ ಕೈಗೆತ್ತಿಕೊಳ್ಳುವ ಮೊದಲು ಇದನ್ನು ನೆನಪಿಡಬೇಕು. ಕಸದ ಬುಟ್ಟಿಗೆ ಹೋಗುವ ಆ ಬಿಳಿ ಬಿಲ್ಲೆಯ ಮೇಲೇ ನಿಮಗೆ ಬೇಕಾದದ್ದು ಕೂತಿರುತ್ತದೆ.

ಸಮುದ್ರದಲ್ಲಿ ಯಾವ್ಯಾವುದು ಸಿಕ್ಕಿದೆ ಎಂದು ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ಸುಣ್ಣದ ಬಿಲ್ಲೆ ಹೊದ್ದ ಎಮಿಲಿಯಾನಿಯಾ ಹಕ್ಸ್‌ಲಿ ಎಂಬ ಪಾಚಿಯನ್ನು ಕೊಲ್ಲುವ ಇಎಚ್‌ವಿ-86 ಇಂಗ್ಲಿಷ್ ಕಾಲುವೆಯಲ್ಲಿ 1999ರಲ್ಲಿ ಸಿಕ್ಕಿತು. ಅದರ ಜೀನೋಮ್, ಅಂದರೆ ಇಡೀ ಡಿಎನ್‌ಎ, ಸುಮಾರು 4.07 ಲಕ್ಷ ಬೇಸ್ ಜೋಡಿ (ಡಿಎನ್‌ಎ ಏಣಿಯ ಮೆಟ್ಟಿಲು) ಉದ್ದ. ಕೆಫೆಟೀರಿಯಾ ಎಂಬ, ಚಾಟಿಯಂಥ ಎಳೆಯಿಂದ ಈಜುವ ಪುಟ್ಟ ಏಕಕೋಶಜೀವಿ ಕಶಾಂಗಿಯ ವೈರಸ್ ಕ್ರೋವಿ ಟೆಕ್ಸಾಸ್ ಕರಾವಳಿಯದ್ದು; ಸುಮಾರು 300 ನ್ಯಾನೋಮೀಟರ್ ಗಾತ್ರ, 7.3 ಲಕ್ಷ ಬೇಸ್ ಜೋಡಿ. ಚಿಲಿ ದೇಶದ ಕರಾವಳಿಯ ಮೆಗಾವೈರಸ್ 12.6 ಲಕ್ಷ. ಅದೇ ಕರಾವಳಿಯ ಕೆಸರಿನಲ್ಲಿ ಸಿಕ್ಕ ಪಂಡೋರಾವೈರಸ್ 25 ಲಕ್ಷದವರೆಗೆ ಹೋಗುತ್ತದೆ, ಉದ್ದ ಒಂದು ಮೈಕ್ರಾನ್. ಹವಾಯಿಯಲ್ಲಿ ಟೆಟ್ರಾಸೆಲ್ಮಿಸ್ ಎಂಬ ಹಸಿರು ಪಾಚಿಯ ವೈರಸ್ ಟೆಟ್‌ವಿ-1 ಸಿಕ್ಕಿದೆ; ಆಮ್ಲಜನಕವಿಲ್ಲದೆ ಸಕ್ಕರೆ ಹುದುಗಿಸುವ ಕೆಲಸದ ಜೀನ್‌ಗಳು ಅದರಲ್ಲಿವೆ. ನಮ್ಮ ಪಶ್ಚಿಮ ಕರಾವಳಿಯಲ್ಲೇ, ಮುಂಬೈನ ಕೊಳಚೆ ನೀರಿನಿಂದ ಐಐಟಿ ಬಾಂಬೆಯವರು ಬೇರ್ಪಡಿಸಿದ ವೈರಸ್ಸಿಗೆ ಮಿಮಿವೈರಸ್ ಬಾಂಬೆ ಎಂದೇ ಹೆಸರಿದೆ. ಕೊಳಚೆಯಲ್ಲಿ ಅಮೀಬಾ ವೈರಸ್ ಹುಡುಕುವುದಕ್ಕಿಂತ ಅಳಿವೆಯಲ್ಲಿ ಪಾಚಿಯ ವೈರಸ್ ಹುಡುಕುವುದು ಕಷ್ಟ, ಯಾಕೆಂದು ಮುಂದೆ ಬರುತ್ತದೆ.

ಮೊದಲು ಕಾಲದ ಮಾತು. ಪಿಎಚ್‌ಡಿ ಮುಗಿಸಿದವರಿಗೆ ಸಿಗುವ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ಪಿನ ಅವಧಿ ಎರಡು ವರ್ಷ. ಎರಡು ವರ್ಷ ಎಂದರೆ ನಮ್ಮ ಕರಾವಳಿಯಲ್ಲಿ ಎರಡೇ ಮಳೆಗಾಲ, ಎರಡೇ ಬೇಸಿಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಬೈತಕೋಲ್ ಬಂದರಿನಿಂದ ಬೋಟಿನವರ ಜೊತೆ ಹೋಗಿ ನೀರು ತರುವ ಯೋಚನೆ ಇದ್ದವರು ಆ ಎರಡು ತಿಂಗಳನ್ನು ಲೆಕ್ಕದಿಂದ ತೆಗೆಯಬೇಕು. ಆಗ ದಡದಿಂದ ಅಥವಾ ನದಿಯೊಳಗೆ ಪಾತಿ ದೋಣಿಯಿಂದ ತೆಗೆದದ್ದಷ್ಟೇ. ಅಕ್ಟೋಬರಿನಲ್ಲಿ ಶುರು ಮಾಡುವುದು ಒಳ್ಳೆಯದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮಳೆ ನಿಂತು ಕೆಸರು ತಗ್ಗಿರುತ್ತದೆ, ಪಾಚಿ ಏರಲು ಶುರುವಾಗಿರುತ್ತದೆ, ಮುಂದಿನ ಮಳೆಗಾಲದೊಳಗೆ ವೈರಸ್ ಬೆಳೆಸಲೆಂದು ಸಾಕಿದ ಜೀವಿಗಳು ಕೈಯಲ್ಲಿರುತ್ತವೆ. ಜೂನಿನಲ್ಲಿ ಸೇರಿಕೊಂಡವರಿಗೆ ಮೊದಲ ನಾಲ್ಕು ತಿಂಗಳು ಮಣ್ಣುನೀರು ಸೋಸುವುದರಲ್ಲೇ ಹೋಗುತ್ತದೆ.

ಕಾಳಿಯ ಬಾಯಿಯಲ್ಲಿ ಲವಣಾಂಶ ಒಂದೇ ಕಡೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಮೇಲುನೀರು ಹೆಚ್ಚುಕಡಿಮೆ ಸಿಹಿ. ಏಪ್ರಿಲ್–ಮೇ ಹೊತ್ತಿಗೆ ಸಾವಿರಕ್ಕೆ 30 ದಾಟುತ್ತದೆ. ಮೇಲೆ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಬೇರೆಯದೇ ಅಂಕಿ. ಭರತಿ ತುಂಬಿದಾಗ ತೆಗೆದದ್ದು ಸಮುದ್ರದ ನೀರು, ಇಳಿತದ ಕೊನೆಗೆ ತೆಗೆದದ್ದು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮತ್ತು ನದಿಯ ನೀರು. ಒಂದೇ ಜಾಗ, ಆರು ಗಂಟೆಯ ಅಂತರ, ಎರಡು ಬೇರೆ ಜೀವಲೋಕ. ಆದ್ದರಿಂದ ಬಾಟಲಿಯ ಮೇಲೆ ತಾರೀಕು ಮಾತ್ರ ಬರೆದರೆ ಸಾಲದು; ಗಂಟೆ, ಭರತಿ–ಇಳಿತದ ಹಂತ, ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನ ಓದು, ಉಷ್ಣಾಂಶ ಇಷ್ಟೂ ಬೇಕು. ಲವಣಾಂಶ 12ರ ನೀರಿನಲ್ಲಿದ್ದ ವೈರಸ್ಸನ್ನು 33ರ ಮಾಧ್ಯಮದಲ್ಲಿ (ಪೋಷಕಾಂಶ ಸೇರಿಸಿದ ನೀರಿನಲ್ಲಿ) ಬೆಳೆದ ಪಾಚಿಗೆ ಹಾಕಿ 'ಏನೂ ಆಗಲಿಲ್ಲ' ಎಂದು ಬರೆದರೆ, ಆ ಫಲಿತಾಂಶಕ್ಕೆ ಅರ್ಥವೇ ಇಲ್ಲ.

ಜಾಗದ ಆಯ್ಕೆಯಲ್ಲಿ ಕೋಡಿಬಾಗ, ದೇವಬಾಗದ ಕಾಂಡ್ಲಾ ಅಂಚು, ಬಿಣಗಾ ಕೊಲ್ಲಿ ಮೂರು ಸಾಕು. ಅಘನಾಶಿನಿಯ ಗಜನಿ ಗದ್ದೆಗಳು (ಉಪ್ಪುನೀರು ನುಗ್ಗುವ ಗದ್ದೆಗಳು) ಮನಸ್ಸು ಸೆಳೆಯುತ್ತವೆ. ಚಿಪ್ಪಿ ಹೆಚ್ಚಿರುವ ಆ ಅಳಿವೆಯಲ್ಲಿ ಪಾಚಿ–ವೈರಸ್ ಕೆಲಸ ಮಾಡಿದರೆ ಜನರಿಗೂ ಉಪಯೋಗ. ಆದರೆ ಕುಮಟಾದಿಂದ ಕಾರವಾರಕ್ಕೆ ನೀರು ಬರುವಷ್ಟರಲ್ಲಿ ಬಿಸಿಲಿನ ದಿನ ಕ್ಯಾನಿನೊಳಗೆ ಕೂದಲಿನಂಥ ಎಳೆಗಳಿಂದ ಈಜುವ ಏಕಕೋಶ ಜೀವಿಗಳಾದ ಸಿಲಿಯೇಟ್‌ಗಳು ಪಾಚಿಯನ್ನು ತಿನ್ನುತ್ತಿರುತ್ತವೆ. ಸಾಣಿಕಟ್ಟಾದ ಉಪ್ಪಿನಾಗರಗಳನ್ನು ಮೊದಲ ವರ್ಷ ಮುಟ್ಟಬೇಡಿ. ಅಲ್ಲಿನ ದಟ್ಟ ಉಪ್ಪುನೀರಿನಲ್ಲಿ ಬ್ಯಾಕ್ಟೀರಿಯಾದಂತೆ ಕಾಣುವ, ಆದರೆ ಬೇರೆಯೇ ಗುಂಪಾದ ಆರ್ಕಿಯಾಗಳದ್ದೇ ರಾಜ್ಯ, ಅವುಗಳ ವೈರಸ್ ಬೇರೆ ವಂಶ. ನೌಕಾನೆಲೆಯ ಸುತ್ತಲಿನ ನೀರು ನಿಷಿದ್ಧ. ಕಾಂಡ್ಲಾ ಕಾಡಿನೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯನ್ನು ಮೊದಲೇ ಕೇಳಿ. ಮಾದರಿಯನ್ನು ಹೊರದೇಶದ ಸಹಭಾಗಿಗೆ ಕಳಿಸುವ ಆಲೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಆ ಅರ್ಜಿಯನ್ನು ಸೇರಿದ ವಾರವೇ ಹಾಕಿ.

ನೀರು ತರುವ ಕ್ರಮ ಸುಲಭ. 20 ಲೀಟರಿನ ಪಾಲಿಕಾರ್ಬೊನೇಟ್ ಕ್ಯಾನನ್ನು ಶೇ 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಂದು ರಾತ್ರಿ ನೆನೆಸಿ, ಭಟ್ಟಿ ಇಳಿಸಿದ ನೀರಿನಲ್ಲಿ ಚೆನ್ನಾಗಿ ತೊಳೆದು, ಜಾಗದಲ್ಲಿ ಅಲ್ಲಿನದೇ ನೀರಿನಿಂದ ಮೂರು ಸಲ ಕಲಕಿ ಚೆಲ್ಲಿ, ಆಮೇಲೆ ತುಂಬಬೇಕು. ತುಂಬುವಾಗಲೇ 100 ಅಥವಾ 200 ಮೈಕ್ರಾನಿನ ನೈಲಾನ್ ಬಟ್ಟೆಯಲ್ಲಿ ಸೋಸಿದರೆ ಸೀಗಡಿಯಂಥ ಪುಟ್ಟ ಜೀವಿಗಳಾದ ಕೊಪೆಪಾಡ್‌ಗಳು ಹೊರಗೇ ಉಳಿಯುತ್ತವೆ. ನೆರಳಲ್ಲಿ, ಒದ್ದೆ ಗೋಣಿ ಹೊದಿಸಿ ತನ್ನಿ. ಮೀನಿನ ಪೆಟ್ಟಿಗೆಯ ಐಸ್ ತುಂಡುಗಳಿಗೆ ಕ್ಯಾನ್ ನೇರವಾಗಿ ತಾಗಬಾರದು. 29 ಡಿಗ್ರಿಯ ನೀರಿನಲ್ಲಿದ್ದ ಕಶಾಂಗಿಗಳು ಆ ತಂಪಿಗೆ ಒಡೆಯುತ್ತವೆ.

ಈಗ ಫಿಲ್ಟರ್. ನೀರನ್ನು ಎರಡು ಪಾಲು ಮಾಡಿ. ಒಂದು ಪಾಲು ಜೀವಂತ ವೈರಸ್‌ಗೆ, ಇನ್ನೊಂದು ಡಿಎನ್‌ಎಗೆ. ವೈರಸ್ ಪಾಲನ್ನು 20 ಮೈಕ್ರಾನ್ ಜಾಲರಿ, ಆಮೇಲೆ 3 ಮೈಕ್ರಾನ್, ಆಮೇಲೆ 0.8 ಮೈಕ್ರಾನ್ ಪಾಲಿಕಾರ್ಬೊನೇಟ್ ಪೊರೆಯಲ್ಲಿ ಇಳಿಸಿ, ಅಲ್ಲಿಗೆ ನಿಲ್ಲಿಸಿ. ಗಾಜಿನ ನಾರಿನ ಫಿಲ್ಟರ್ ಅಗ್ಗ, ವೇಗವಾಗಿಯೂ ಸೋಸುತ್ತದೆ, ಆದರೆ ವೈರಸ್ಸನ್ನು ತನ್ನ ನಾರಿಗೆ ಅಂಟಿಸಿಕೊಳ್ಳುತ್ತದೆ. ನಿರ್ವಾತ 200 ಮಿಲಿಮೀಟರ್ ಪಾದರಸ ದಾಟಬಾರದು. ದಾಟಿದರೆ ಪಾಚಿಕೋಶಗಳು ಪೊರೆಯ ಮೇಲೇ ಒಡೆದು, ಲೋಳೆ ಕಟ್ಟಿ, ತೂತುಗಳೆಲ್ಲ ಮುಚ್ಚಿ, 0.8ರ ಫಿಲ್ಟರ್ ಹೆಸರಿಗೆ ಮಾತ್ರ 0.8 ಆಗುತ್ತದೆ. ಇದು ಬಹಳ ಮುಖ್ಯ. ಅರ್ಧ ಕಟ್ಟಿಕೊಂಡ ಪೊರೆ ದೊಡ್ಡ ಕಣಗಳನ್ನು ಹಿಡಿದಿಟ್ಟು ಸಣ್ಣದನ್ನು ಮಾತ್ರ ಬಿಡುತ್ತದೆ. ಹನಿ ನಿಧಾನವಾದ ಕೂಡಲೇ ಪೊರೆ ಬದಲಿಸಿ. ಮಳೆಗಾಲದ ಕಾಳಿ ನೀರಿಗೆ 142 ಮಿಲಿಮೀಟರಿನ ದೊಡ್ಡ ಬಿಲ್ಲೆಯೂ ಕೆಲವೇ ಲೀಟರಿಗೆ ಕಟ್ಟಿಕೊಳ್ಳುತ್ತದೆ. ಒಂದು ರಾತ್ರಿ 4 ಡಿಗ್ರಿಯಲ್ಲಿ ಇಟ್ಟು ಕೆಸರು ಕೂರಿಸಿ ತಿಳಿಯನ್ನು ಸೋಸಬಹುದು. ಕೆಸರಿಗೆ ಅಂಟಿದ ವೈರಸ್ ಅಲ್ಲೇ ಉಳಿಯುತ್ತದೆ ಎಂಬ ನಷ್ಟ ಒಪ್ಪಿಕೊಂಡು ಮಾಡುವ ಕೆಲಸ ಅದು.

20 ಲೀಟರನ್ನು 200 ಮಿಲಿಲೀಟರಿಗೆ ಇಳಿಸಲು ಎರಡು ದಾರಿ. ಒಂದು ಟಿಎಫ್‌ಎಫ್, ಅಂದರೆ ನೀರು ಪೊರೆಯ ಮೇಲೆ ಅಡ್ಡಲಾಗಿ ಹರಿಯುವ ಸಾಧನ. 30 ಅಥವಾ 100 ಕಿಲೋಡಾಲ್ಟನ್ (ಪೊರೆ ತಡೆಯುವ ಅಣುವಿನ ತೂಕದ ಅಳತೆ) ಕ್ಯಾಸೆಟ್, ಪೆರಿಸ್ಟಾಲ್ಟಿಕ್ ಪಂಪ್, ಒತ್ತಡ 10 ಪಿಎಸ್‌ಐ ಒಳಗೆ. ಕೊನೆಗೆ ಹಿಮ್ಮುಖವಾಗಿ ತೊಳೆದ ನೀರನ್ನೂ ಸೇರಿಸಿಕೊಳ್ಳಿ. ಕಣಗಳಲ್ಲಿ ಒಳ್ಳೆಯ ಪಾಲು ಕ್ಯಾಸೆಟ್ಟಿಗೇ ಅಂಟಿರುತ್ತದೆ. ಆಮೇಲೆ 0.1 ನಾರ್ಮಲ್ ಕಾಸ್ಟಿಕ್ ಸೋಡಾದಲ್ಲಿ ಅರ್ಧ ಗಂಟೆ ತೊಳೆಯದಿದ್ದರೆ ಮುಂದಿನ ತಿಂಗಳ ಮಾದರಿಯಲ್ಲಿ ಈ ತಿಂಗಳ ವೈರಸ್ ಸಿಗುತ್ತದೆ.

ಕ್ಯಾಸೆಟ್ ಕೊಳ್ಳುವ ಶಕ್ತಿ ಇಲ್ಲದವರಿಗೆ ಕಬ್ಬಿಣದ ದಾರಿ. 4.83 ಗ್ರಾಂ ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿದರೆ ಲೀಟರಿಗೆ 10 ಗ್ರಾಂ ಕಬ್ಬಿಣದ ದ್ರಾವಣ ಆಗುತ್ತದೆ. 20 ಲೀಟರಿಗೆ 2 ಮಿಲಿಲೀಟರ್ ಹಾಕಿ, ಚೆನ್ನಾಗಿ ಅಲುಗಾಡಿಸಿ, ಒಂದು ಗಂಟೆ ಬಿಡಿ. ತುಕ್ಕು ಬಣ್ಣದ ನವಿರು ಹತ್ತಿಯಂತೆ ಕಟ್ಟಿದ್ದನ್ನು 0.8 ಅಥವಾ 1 ಮೈಕ್ರಾನ್ ಪೊರೆಯಲ್ಲಿ ಹಿಡಿದು, ಇಡಿಟಿಎ (ಲೋಹಗಳನ್ನು ಹಿಡಿದಿಟ್ಟುಕೊಳ್ಳುವ ರಾಸಾಯನಿಕ), ಮೆಗ್ನೀಸಿಯಂ ಮತ್ತು ಆಸ್ಕಾರ್ಬಿಕ್ ಆಮ್ಲದ ಪಿಎಚ್ 6ರ ಬಫರಿನಲ್ಲಿ, ಪ್ರತಿ ಮಿಲಿಗ್ರಾಂ ಕಬ್ಬಿಣಕ್ಕೆ 1 ಮಿಲಿಲೀಟರಿನಂತೆ, 4 ಡಿಗ್ರಿಯಲ್ಲಿ, ಕತ್ತಲಲ್ಲಿ, ರಾತ್ರಿಯಿಡೀ ಬಿಟ್ಟರೆ ಕರಗುತ್ತದೆ. ಬಫರ್ ಹೊಸದಾಗಿರಬೇಕು, ಹಳದಿಗಟ್ಟಿದ್ದರೆ ಚೆಲ್ಲಿ. ಇಲ್ಲಿ ಜನ ಎಡವುವುದು ಎರಡು ಕಡೆ. ಮಳೆಗಾಲದ ಸಿಹಿನೀರಿನಲ್ಲಿ ಕಾಡಿನಿಂದ ಬಂದ ಹ್ಯೂಮಿಕ್ ಪದಾರ್ಥ (ಕೊಳೆತ ಎಲೆಯ ಕಂದು ಸಾರ) ಕಬ್ಬಿಣವನ್ನು ತಾನೇ ಕಟ್ಟಿಕೊಂಡು ವೈರಸ್‌ಗೆ ಉಳಿಸುವುದಿಲ್ಲ. ಎರಡನೆಯದು, ಕರಗಿದ ದ್ರಾವಣದಲ್ಲಿರುವ ಇಡಿಟಿಎ ಪಾಚಿಯ ಕ್ಯಾಲ್ಸಿಯಂ–ಮೆಗ್ನೀಸಿಯಂ ಕಸಿದು ಅದನ್ನು ಕೊಲ್ಲುತ್ತದೆ. ನೋಡಿದವರು ವೈರಸ್ ಕೊಂದಿತು ಎಂದುಕೊಳ್ಳುತ್ತಾರೆ. ಡಯಾಲಿಸಿಸ್ ಮಾಡದೆ, ಅಂದರೆ ಪೊರೆಯ ಚೀಲದಲ್ಲಿ ತುಂಬಿ, ಸೋಸಿ ಕಾಯಿಸಿದ ಸಮುದ್ರನೀರಿನಲ್ಲಿ ಮುಳುಗಿಸಿ ಇಡಿಟಿಎ ಹೊರಗೆ ಬಿಡದೆ, ಅದನ್ನು ಯಾವ ಜೀವಿಗೂ ಹಾಕಬೇಡಿ.

ಡಿಎನ್‌ಎ ಪಾಲಿನದ್ದು ಸರಳ: 3 ಮೈಕ್ರಾನಿನಲ್ಲಿ ಇಳಿದ ನೀರನ್ನು 0.2ರಲ್ಲಿ ಸೋಸಿ, ಆ 0.2ರ ಪೊರೆಯನ್ನೇ ಮೈನಸ್ 80ರಲ್ಲಿ ಇಡಿ. ಬ್ಯಾಕ್ಟೀರಿಯಾ ಅಧ್ಯಯನಕ್ಕೆಂದು ಯಾರಾದರೂ ವರ್ಷಗಳ ಹಿಂದೆ ಇಟ್ಟ 0.2ರ ಪೊರೆಗಳು ಅದೇ ಫ್ರೀಜರಿನ ಮೂಲೆಯಲ್ಲಿದ್ದರೆ, ಕೈಮುಗಿದು ಕೇಳಿ ಪಡೆಯಿರಿ. ಈ ಕರಾವಳಿಯ ಹಳೆಯ ದೈತ್ಯ ವೈರಸ್‌ಗಳು ಅವುಗಳ ಮೇಲೇ ಇವೆ.

ಇಷ್ಟೆಲ್ಲ ಮಾಡಿದರೂ ಕೆಲಸದ ಕಾಲು ಭಾಗ ಮುಗಿದಂತೆ. ಮುಕ್ಕಾಲು ಭಾಗ ಇರುವುದು ಆತಿಥೇಯ ಜೀವಿಯನ್ನು ಸಾಕುವುದರಲ್ಲಿ. ಒಂದು ಮಿಲಿಲೀಟರ್ ಕರಾವಳಿ ನೀರಿನಲ್ಲಿ ವೈರಸ್ ಕಣಗಳು ಕೋಟಿಯ ಲೆಕ್ಕದಲ್ಲಿರುತ್ತವೆ, ವೈರಸ್‌ಗೆ ಬರವಿಲ್ಲ. ಅದು ಬೆಳೆಯುವ ಜೀವಿ ನಿಮ್ಮ ಫ್ಲಾಸ್ಕಿನಲ್ಲಿ ಇದೆಯೇ ಎನ್ನುವುದೇ ಪ್ರಶ್ನೆ. ಪಾಚಿಯ ವೈರಸ್‌ಗಳು ಜಾತಿಯನ್ನಷ್ಟೇ ಅಲ್ಲ, ತಳಿಯನ್ನೂ ನೋಡಿ ಹಿಡಿಯುತ್ತವೆ. ಹೊರದೇಶದ ಸಂಗ್ರಹಾಲಯದಿಂದ ತರಿಸಿದ ತಳಿಗೆ ಕಾಳಿಯ ವೈರಸ್ ಹತ್ತದೇ ಹೋಗಬಹುದು. ಅದೇ ನೀರಿನಿಂದ, ಅದೇ ತಿಂಗಳಲ್ಲಿ ಬೇರ್ಪಡಿಸಿದ ಜೀವಿ ಬೇಕು.

ನಮ್ಮ ನೀರಿನಲ್ಲಿ ಸೂಕ್ಷ್ಮದರ್ಶಕ ಇಟ್ಟ ಕೂಡಲೇ ಕಾಣುವುದು ಗಾಜಿನಂಥ ಸಿಲಿಕಾ ಚಿಪ್ಪಿನ ಪಾಚಿಗಳಾದ ಡಯಾಟಮ್‌ಗಳು. ಅವುಗಳ ಹಿಂದೆ ಹೋಗಬೇಡಿ. ಇದುವರೆಗೆ ಬೇರ್ಪಡಿಸಿದ ಡಯಾಟಮ್ ವೈರಸ್‌ಗಳು ಒಂಟಿ ಎಳೆಯ ಡಿಎನ್‌ಎ ಅಥವಾ ಆರ್‌ಎನ್‌ಎ ಇರುವ ಪುಟ್ಟ ಕಣಗಳು. ಬೇಸಿಗೆಯಲ್ಲಿ ಮರದ ಹೊಟ್ಟಿನಂತೆ ತೇಲುವ ಟ್ರೈಕೋಡೆಸ್ಮಿಯಂ ಕೂಡ ಬೇಡ, ಅದು ನೀಲಿ–ಹಸಿರು ಬ್ಯಾಕ್ಟೀರಿಯಾ. ಮೊದಲ ಆಯ್ಕೆ ಟೆಟ್ರಾಸೆಲ್ಮಿಸ್ ಆಗಲಿ ಎನ್ನುತ್ತೇನೆ. ಕರಾವಳಿಯಲ್ಲಿ ಸಹಜ, ಸೀಗಡಿ ಹ್ಯಾಚರಿಗಳಲ್ಲಿ ಮೇವಿಗೆಂದು ಬೆಳೆಸುವ ಜೀವಿ, ಬೇಗ ಸಾಯುವುದಿಲ್ಲ, ಅದಕ್ಕೆ ದೈತ್ಯ ವೈರಸ್ ಇದೆ ಎಂಬುದೂ ಗೊತ್ತಿದೆ. ಎರಡನೆಯದು ಹೆಟೆರೊಸಿಗ್ಮಾದಂಥ ಕೆಂಗಂದು ಪಾಚಿ. ಅದರ ವೈರಸ್‌ಗಳ ಮೇಲೆ ಜಪಾನಿನಲ್ಲಿ ಬಹಳ ಕೆಲಸ ಆಗಿದೆ, ಆದರೆ ಗಟ್ಟಿ ಗೋಡೆಯಿಲ್ಲದ ಕೋಶ, ಪಿಪೆಟ್ಟಿನ ರಭಸಕ್ಕೇ ಒಡೆಯುತ್ತದೆ. ಮೂರನೆಯದು ಬ್ಯಾಕ್ಟೀರಿಯಾ ತಿನ್ನುವ ಬಣ್ಣವಿಲ್ಲದ ಕಶಾಂಗಿಗಳು.

ಮಾಧ್ಯಮಕ್ಕೆ ಎಫ್/2 ಎಂಬ ಪ್ರಚಲಿತ ಮಿಶ್ರಣ ಸಾಕು. ಲೀಟರ್ ಸಮುದ್ರನೀರಿಗೆ ಸೋಡಿಯಂ ನೈಟ್ರೇಟ್ 75 ಮಿಲಿಗ್ರಾಂ, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 5 ಮಿಲಿಗ್ರಾಂ, ಲೋಹಗಳ ದ್ರಾವಣ 1 ಮಿಲಿಲೀಟರ್, ವಿಟಮಿನ್ ದ್ರಾವಣ ಅರ್ಧ ಮಿಲಿಲೀಟರ್. ಸಿಲಿಕೇಟ್ ಹಾಕಬೇಡಿ, ಹಾಕಿದರೆ ಡಯಾಟಮ್ ಎಲ್ಲವನ್ನೂ ನುಂಗಿ ಬೆಳೆಯುತ್ತದೆ. ಅದೂ ಸಾಲದಿದ್ದರೆ ಲೀಟರಿಗೆ ಕೆಲವು ಮಿಲಿಗ್ರಾಂ ಜರ್ಮೇನಿಯಂ ಡೈಆಕ್ಸೈಡ್ ಹಾಕಿ ಡಯಾಟಮ್ ಅಡಗಿಸಬಹುದು. ಸಮುದ್ರನೀರನ್ನು ಮಾರ್ಚ್–ಏಪ್ರಿಲಿನಲ್ಲಿ ನದಿಬಾಯಿಯಿಂದ ಆಚೆ ಹೋಗಿ ವರ್ಷಕ್ಕಾಗುವಷ್ಟು ತಂದು, ಸೋಸಿ, ಕತ್ತಲಲ್ಲಿ ಹಳೆಯದಾಗಲು ಬಿಡಿ. ಮಳೆಗಾಲದಲ್ಲಿ ಒಳ್ಳೆಯ ಉಪ್ಪುನೀರು ಹುಡುಕಿಕೊಂಡು ಅಲೆಯಬೇಕಾಗುವುದಿಲ್ಲ. ಆಟೋಕ್ಲೇವ್ ಮಾಡಿದ ಸಮುದ್ರನೀರಿನಲ್ಲಿ ಬಿಳಿ ಗಸಿ ಕೂತರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರಿದೆ ಎಂದರ್ಥ. ಫಾಸ್ಫೇಟನ್ನು ಬೇರೆ ಬಾಟಲಿಯಲ್ಲಿ ಕಾಯಿಸಿ, ನೀರು ಪೂರ್ತಿ ಆರಿದ ಮೇಲೆ ಸೇರಿಸಿದರೆ ಗಸಿ ಬಹಳ ಮಟ್ಟಿಗೆ ತಪ್ಪುತ್ತದೆ. ವಿಟಮಿನ್‌ಗಳನ್ನು ಕಾಯಿಸದೆ, ಸೋಸಿ ಕೊನೆಗೆ ಹಾಕಬೇಕು.

ಒಂದೊಂದೇ ಕೋಶ ಹೆಕ್ಕಲು ಗಾಜಿನ ಪಾಶ್ಚರ್ ಪಿಪೆಟ್ಟಿನ ತುದಿಯನ್ನು ಜ್ವಾಲೆಯಲ್ಲಿ ಕಾಯಿಸಿ ಕೂದಲೆಳೆಯಷ್ಟು ಎಳೆದುಕೊಳ್ಳಬೇಕು. ತಲೆಕೆಳಗಾದ ಸೂಕ್ಷ್ಮದರ್ಶಕದ ಕೆಳಗೆ ಕೋಶವನ್ನು ಹೀರಿ, ಶುದ್ಧ ಮಾಧ್ಯಮದ ಐದಾರು ಹನಿಗಳಲ್ಲಿ ಒಂದಾದಮೇಲೊಂದು ತೊಳೆದು, 96 ಗುಳಿಯ ತಟ್ಟೆಯಲ್ಲಿ ಗುಳಿಗೊಂದರಂತೆ ಬಿಡುವುದು. ನೂರರಲ್ಲಿ ಹತ್ತು ಬದುಕಿದರೂ ಸಂತೋಷಪಡಬೇಕು. ಬೆಳಕು 12 ಗಂಟೆ, ಕತ್ತಲೆ 12 ಗಂಟೆ, ಉಷ್ಣಾಂಶ 25–28 ಡಿಗ್ರಿ. ಕಶಾಂಗಿಗಳಿಗೆ ಬೇಕಾದದ್ದು ಬೆಳಕಲ್ಲ, ಬ್ಯಾಕ್ಟೀರಿಯಾ. ಕಾಯಿಸಿದ ಸಮುದ್ರನೀರಿಗೆ ಬೇಯಿಸಿದ ಒಂದು ಗೋಧಿ ಕಾಳು ಅಥವಾ ಕುಚ್ಚಲಕ್ಕಿ ಕಾಳು ಹಾಕಿಟ್ಟರೆ ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆದು ಕಶಾಂಗಿಗಳು ತಿಂಗಳುಗಟ್ಟಲೆ ಇರುತ್ತವೆ. ಪ್ರಯೋಗಕ್ಕೆ ಬೇಕಾದಷ್ಟು ದಟ್ಟವಾಗಿ ಬೆಳೆಸಲು ಎಫ್/2ಗೆ ಶೇ 0.01ರಿಂದ 0.05ರಷ್ಟು ಯೀಸ್ಟ್ ಸಾರ. ಅದಕ್ಕಿಂತ ಹೆಚ್ಚಾದರೆ ಬ್ಯಾಕ್ಟೀರಿಯಾ ಮೊಸರಿನಂತೆ ಕಟ್ಟಿ, ಆಮ್ಲಜನಕ ಮುಗಿದು, ಕಶಾಂಗಿ ಸಾಯುತ್ತದೆ.

ಕಾರವಾರದ ಮಳೆಗಾಲದಲ್ಲಿ ಕರೆಂಟು ಹೋಗುವುದು, ಗೋಡೆ ಬೆವರುವುದು, ಹತ್ತಿ ಬೂಚಿನ ಮೇಲೆ ಬೂಸ್ಟು ಬೆಳೆಯುವುದು ಮೂರೂ ಒಟ್ಟಿಗೆ ಬರುತ್ತವೆ. ಹತ್ತಿಯ ಬದಲು ತಿರುಪಿನ ಮುಚ್ಚಳ ಬಳಸಿ, ಅರ್ಧ ಸುತ್ತು ಸಡಿಲ ಬಿಡಿ. ಎಲ್ಲ ತಳಿಗಳ ಎರಡು ಪ್ರತಿ ಇರಲಿ, ಎರಡೂ ಒಂದೇ ಇನ್‌ಕ್ಯುಬೇಟರಿನಲ್ಲಿ ಬೇಡ. ಕಿಟಕಿಯ ಹತ್ತಿರ, ಉತ್ತರ ದಿಕ್ಕಿನ ಬೆಳಕಿಗೆ ಇಟ್ಟ ಒಂದು ಸಾಲು ಫ್ಲಾಸ್ಕುಗಳು ಕರೆಂಟನ್ನು ನಂಬಿಕೊಂಡಿರುವುದಿಲ್ಲ.

ಸೋಂಕಿನ ಪರೀಕ್ಷೆ 24 ಗುಳಿಯ ತಟ್ಟೆಯಲ್ಲಿ: ಗುಳಿಗೆ 1 ಮಿಲಿಲೀಟರ್ ಚುರುಕಾಗಿ ಬೆಳೆಯುತ್ತಿರುವ ಪಾಚಿ, ಮಿಲಿಲೀಟರಿಗೆ ಲಕ್ಷದ ಆಸುಪಾಸು ಕೋಶ, ಅದಕ್ಕೆ 100 ಮೈಕ್ರೋಲೀಟರ್ ಸಾಂದ್ರ ನೀರು. ಬೆಳವಣಿಗೆ ನಿಂತ ಹಳೆಯ ಪಾಚಿಗೆ ವೈರಸ್ ಹಾಕಿ ಪ್ರಯೋಜನವಿಲ್ಲ. ಜೊತೆಗೆ ಹೋಲಿಸಿ ನೋಡಲು ಮೂರು ಸಾಕ್ಷಿ ಗುಳಿಗಳು ಬೇಕೇ ಬೇಕು. ಏನೂ ಹಾಕದ್ದು ಒಂದು, ಕುದಿಸಿ ಆರಿಸಿದ ಅದೇ ಸಾಂದ್ರ ನೀರು ಹಾಕಿದ್ದು ಇನ್ನೊಂದು, 0.1 ಮೈಕ್ರಾನಿನಲ್ಲಿ ಸೋಸಿದ ಸಾಂದ್ರ ನೀರು ಹಾಕಿದ್ದು ಮತ್ತೊಂದು. ಎರಡು ವಾರ ನೋಡಿ. ಏನೂ ಆಗದಿದ್ದರೆ ಕಣ್ಣುಮುಚ್ಚಿ ಮೂರು ಸಲ ಹೊಸ ಪಾಚಿಗೆ ದಾಟಿಸಿ; ಮಿಲಿಲೀಟರಿಗೆ ಹತ್ತಿಪ್ಪತ್ತೇ ಇದ್ದ ವೈರಸ್ ಮೂರನೆಯ ದಾಟಿಗೆ ತಲೆ ಎತ್ತಬಹುದು.

ಪಾಚಿಯ ಬಣ್ಣ ಬಿಟ್ಟು ಗುಳಿ ತಿಳಿಯಾದ ದಿನ ಎಲ್ಲರಿಗೂ ಸಂಭ್ರಮ. ಆ ದಿನವೇ ಹೆಚ್ಚು ಅನುಮಾನ ಪಡಬೇಕು. ಪಾಚಿ ಸಾಯಲು ವೈರಸ್ಸೇ ಬೇಕಾಗಿಲ್ಲ. ಕಣ್ತಪ್ಪಿಸಿ ಬಂದ ಒಂದು ಸಿಲಿಯೇಟ್ ಎರಡು ದಿನದಲ್ಲಿ ಗುಳಿ ಖಾಲಿ ಮಾಡುತ್ತದೆ, ಅದು ಸೂಕ್ಷ್ಮದರ್ಶಕಕ್ಕೆ ಕಾಣುತ್ತದೆ. ಪಾಚಿ ಕೊಲ್ಲುವ ಬ್ಯಾಕ್ಟೀರಿಯಾ ಅಷ್ಟು ಸುಲಭಕ್ಕೆ ಗುರುತು ಸಿಗುವುದಿಲ್ಲ. ಆದ್ದರಿಂದ ಸತ್ತ ಗುಳಿಯ ನೀರನ್ನು 0.8, 0.45, 0.2 ಮೈಕ್ರಾನಿನಲ್ಲಿ ಬೇರೆ ಬೇರೆಯಾಗಿ ಸೋಸಿ ಮೂರನ್ನೂ ಹೊಸ ಪಾಚಿಗೆ ಹಾಕಿ. 0.8 ದಾಟಿದ್ದು ಕೊಂದು, 0.2 ದಾಟಿದ್ದು ಕೊಲ್ಲದಿದ್ದರೆ ಇಬ್ಬರು ಆರೋಪಿಗಳು ಉಳಿಯುತ್ತಾರೆ: ದೈತ್ಯ ವೈರಸ್ ಅಥವಾ ಪುಟ್ಟ ಬ್ಯಾಕ್ಟೀರಿಯಾ. 0.2 ದಾಟಿದ್ದೂ ಕೊಂದರೆ ಅದು ಸಣ್ಣ ವೈರಸ್, ಅಥವಾ ಬ್ಯಾಕ್ಟೀರಿಯಾ ಬಿಟ್ಟ ವಿಷ. ವಿಷವಾದರೆ ಮುಂದಿನ ದಾಟುಗಳಲ್ಲಿ ತೆಳುವಾಗಿ ಇಲ್ಲವಾಗುತ್ತದೆ, ವೈರಸ್ ಹಾಗೆ ಇಲ್ಲವಾಗುವುದಿಲ್ಲ. ಬ್ಯಾಕ್ಟೀರಿಯಾ ಬೇರ್ಪಡಿಸಲು ಆಂಟಿಬಯೋಟಿಕ್ ಹಾಕುವಾಗ ಎಚ್ಚರ. ಸ್ಟ್ರೆಪ್ಟೊಮೈಸಿನ್ ಪಾಚಿಯ ಹರಿತ್ತಿನ ಕಣಕ್ಕೂ ಹೊಡೆಯುತ್ತದೆ, ಬರೀ ಔಷಧಕ್ಕೇ ಪಾಚಿ ಬಿಳಿಚಿಕೊಳ್ಳಬಹುದು. ಔಷಧ ಮಾತ್ರ ಹಾಕಿದ ಗುಳಿ ಪಕ್ಕದಲ್ಲಿರಲಿ.

ಅಮೀಬಾ ಬಳಸಿ ಹುಡುಕುವುದು ಇದಕ್ಕಿಂತ ಸುಲಭ, ಅಕಾಂತಮೀಬಾ ಎಂಬ ಅಮೀಬಾ ಎಲ್ಲವನ್ನೂ ನುಂಗುತ್ತದೆ. ಚಿಲಿಯ ಮೆಗಾವೈರಸ್ ಸಿಕ್ಕಿದ್ದು ಹಾಗೆಯೇ. ಆದರೆ ಪ್ರಯೋಗಾಲಯದ ಅಮೀಬಾದಲ್ಲಿ ಬೆಳೆಯಿತು ಎಂದ ಮಾತ್ರಕ್ಕೆ ಸಮುದ್ರದಲ್ಲಿ ಅದರ ಆತಿಥೇಯ ಅಮೀಬಾ ಎಂದಾಗುವುದಿಲ್ಲ. ಆ ದಾರಿ ಹಿಡಿಯುವವರು ಉಪ್ಪುನೀರಿನ ಪಾಲು ಹತ್ತರಲ್ಲಿ ಒಂದಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಅಮೀಬಾ ಗುಂಡಗೆ ಸಿಸ್ಟ್ (ಗಟ್ಟಿ ಕವಚ) ಕಟ್ಟಿ ಕೂತುಬಿಡುತ್ತದೆ. ಅಕಾಂತಮೀಬಾ ಕಣ್ಣಿನ ಕಾರ್ನಿಯಾಕ್ಕೆ ಸೋಂಕು ತರುವ ಜೀವಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆ ಬೆಂಚಿನಲ್ಲಿ ಕನ್ನಡಕಕ್ಕೆ ಬದಲಾಯಿಸಲಿ.

ಸಿಕ್ಕ ವೈರಸ್ಸನ್ನು ಒಂಟಿ ಮಾಡಲು ಹತ್ತು ಪಟ್ಟು ತೆಳುಗೊಳಿಸುತ್ತ ಹೋಗಿ, ಪಾಚಿಯನ್ನು ಕೊಂದ ಅತಿ ತೆಳು ಗುಳಿಯಿಂದ ಮತ್ತೆ ಶುರು ಮಾಡುವುದು, ಹೀಗೆ ಮೂರು ಸಲ. ಎಣಿಕೆಗೆ ಫ್ಲೋ ಸೈಟೋಮೀಟರ್, ಅಂದರೆ ಕಣಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಎಣಿಸುವ ಯಂತ್ರ: ಮಿಲಿಲೀಟರ್ ಮಾದರಿಗೆ ಶೇ 25ರ ಗ್ಲುಟರಾಲ್ಡಿಹೈಡ್ 20 ಮೈಕ್ರೋಲೀಟರ್, 4 ಡಿಗ್ರಿಯಲ್ಲಿ ಅರ್ಧ ಗಂಟೆ, ದ್ರವ ಸಾರಜನಕದಲ್ಲಿ ಮುಳುಗಿಸಿ ಮೈನಸ್ 80. ಎಣಿಸುವಾಗ ಟಿಇ ಬಫರಿನಲ್ಲಿ ತೆಳುಗೊಳಿಸಿ, ಸೈಬರ್ ಗ್ರೀನ್ ಬಣ್ಣವನ್ನು ಮೂಲದಿಂದ 20,000 ಪಟ್ಟು ತೆಳುವಾಗಿ ಸೇರಿಸಿ, 80 ಡಿಗ್ರಿಯಲ್ಲಿ 10 ನಿಮಿಷ. ದೈತ್ಯ ವೈರಸ್ಸಿನ ಚುಕ್ಕೆಗಳು ಸಾಮಾನ್ಯ ವೈರಸ್‌ಗಳ ಮೋಡಕ್ಕಿಂತ ಮೇಲೆ, ಬ್ಯಾಕ್ಟೀರಿಯಾದ ಮೋಡಕ್ಕೆ ತಾಗಿಕೊಂಡು ಬರುತ್ತವೆ. ಸಿದ್ಧ ಗೇಟ್ (ಚುಕ್ಕೆಗಳ ಸುತ್ತ ಎಳೆಯುವ ಗಡಿ) ಹಾಕಿ ಎಣಿಸಿದವರು ಇವುಗಳನ್ನು ಬ್ಯಾಕ್ಟೀರಿಯಾ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಫಿಲ್ಟರಿನ ತಪ್ಪೇ ಇಲ್ಲಿ ಮತ್ತೆ ಬರುತ್ತದೆ.

ಶುದ್ಧೀಕರಣದಲ್ಲೂ ಹಳೆಯ ಅಭ್ಯಾಸ ಕೈ ಹಿಡಿದೆಳೆಯುತ್ತದೆ. ಕೋಶದ ಚೂರು ಕೂರಿಸಲು ಸೆಂಟ್ರಿಫ್ಯೂಜಿನಲ್ಲಿ 10,000 ಜಿ (ಗುರುತ್ವದ 10,000 ಪಟ್ಟು) ಬಲದಲ್ಲಿ ತಿರುಗಿಸಿದರೆ ವೈರಸ್ಸೂ ಅದರ ಜೊತೆ ತಳಕ್ಕೆ ಹೋಗುತ್ತದೆ. ಮೊದಲು ಬಹಳ ಮೆಲ್ಲಗೆ ತಿರುಗಿಸಿ ಚೂರು ತೆಗೆದು, ಆಮೇಲೆ 10,000–20,000 ಜಿಯಲ್ಲಿ ವೈರಸ್ ಕೂರಿಸಿ, ಅಯೋಡಿಕ್ಸನಾಲ್ ಎಂಬ ದಟ್ಟ ದ್ರಾವಣದ ಪದರಗಳಲ್ಲಿ ಬೇರ್ಪಡಿಸಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾದರಿ ಹೊರ ಊರಿಗೆ ಕಳಿಸಬೇಕಾಗುತ್ತದೆ. ಸೋಂಕಾದ ಕೋಶಗಳನ್ನು ಶೇ 2.5ರ ಗ್ಲುಟರಾಲ್ಡಿಹೈಡಿನಲ್ಲಿ, ಸಮುದ್ರನೀರಿನಷ್ಟೇ ಉಪ್ಪಿನ ಬಲ ಇರುವ ಬಫರಿನಲ್ಲಿ ಕೆಡದಂತೆ ಸ್ಥಿರಗೊಳಿಸಿ ಕಳಿಸಿ. ಸಾದಾ ಬಫರಿನಲ್ಲಿ ಕೋಶ ಊದಿ ಒಡೆದು, ನೋಡಲು ಏನೂ ಉಳಿಯುವುದಿಲ್ಲ. ಇಷ್ಟು ದೊಡ್ಡ ಕಣಕ್ಕೆ ಮೇಲ್ಬಣ್ಣ ಹಚ್ಚಿ ನೋಡಿದರೆ ಕಪ್ಪು ಗುಂಡು ಮಾತ್ರ ಕಾಣುತ್ತದೆ, ತೆಳು ಸೀಳುಗಳೇ ಬೇಕು. ಜೀವಂತ ವೈರಸ್ಸನ್ನು 4 ಡಿಗ್ರಿಯಲ್ಲಿ ಕತ್ತಲಲ್ಲಿ ಇಡಿ. ಫ್ರೀಜರಿನಲ್ಲಿಟ್ಟ ಪಾಚಿ ವೈರಸ್‌ಗಳಲ್ಲಿ ಎಷ್ಟೋ ಮತ್ತೆ ಸೋಂಕು ಹತ್ತಿಸುವುದಿಲ್ಲ. ಇಡಲೇಬೇಕಿದ್ದರೆ ಒಂದು ಪಾಲನ್ನು ಮಾತ್ರ ಇಟ್ಟು ಪರೀಕ್ಷಿಸಿ.

ಡಿಎನ್‌ಎ ತೆಗೆಯುವಾಗ ವಾರ್ಟೆಕ್ಸ್ (ರಭಸವಾಗಿ ಕಲಕುವ ಯಂತ್ರ) ಮುಟ್ಟಬೇಡಿ, ತುದಿ ಕತ್ತರಿಸಿದ ಅಗಲ ಟಿಪ್ ಬಳಸಿ. ಹತ್ತು ಲಕ್ಷ ಬೇಸ್ ಜೋಡಿಯ ಜೀನೋಮಿನಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುವ ಜಾಗಗಳಿರುತ್ತವೆ, ಚಿಕ್ಕ ಓದುಗಳಿಂದ (ಯಂತ್ರ ಓದಿಕೊಟ್ಟ ಡಿಎನ್‌ಎ ತುಣುಕುಗಳಿಂದ) ಮಾಡಿದ ಜೋಡಣೆ ಅಲ್ಲಿ ತುಂಡಾಗುತ್ತದೆ. ನ್ಯಾನೋಪೋರ್ ಯಂತ್ರದ ಉದ್ದ ಓದುಗಳಿಂದ ಜೋಡಿಸಿ, ಚಿಕ್ಕ ಓದುಗಳಿಂದ ತಿದ್ದುವುದು ಸರಿಯಾದ ಕ್ರಮ. ಪಾಚಿಯಿಂದ, ಬ್ಯಾಕ್ಟೀರಿಯಾದಿಂದ ಬಂದ ಜೀನ್‌ಗಳು ಈ ವೈರಸ್‌ಗಳಲ್ಲಿ ಧಾರಾಳ ಇರುವುದರಿಂದ ಕಂಪ್ಯೂಟರ್ ಇವನ್ನು ಕಲಬೆರಕೆ ಎಂದು ಹೊರಹಾಕಬಹುದು. ಹಾಗೆ ಹೊರಹಾಕಿದ ತುಂಡುಗಳಲ್ಲಿ ದೈತ್ಯ ವೈರಸ್ಸಿನ ಗುರುತಿನ ಜೀನ್‌ಗಳಾದ ಮುಖ್ಯ ಕವಚ ಪ್ರೋಟೀನ್, ಬಿ ಕುಟುಂಬದ ಡಿಎನ್‌ಎ ಪಾಲಿಮರೇಸ್, ಎ32 ಎಟಿಪೇಸ್, ವಿಎಲ್‌ಟಿಎಫ್-3 ಇವು ಒಟ್ಟಿಗೆ ಇವೆಯೇ ಎಂದು ಕೈಯಾರೆ ಹುಡುಕಿ. ಇನ್ನೊಂದು ಎಚ್ಚರಿಕೆ: ಹಸಿರು ಪಾಚಿಗಳ ಜೀನೋಮಿನೊಳಗೇ ದೈತ್ಯ ವೈರಸ್ಸಿನ ದೊಡ್ಡ ತುಂಡುಗಳು ಸೇರಿಕೊಂಡಿರುವುದು 2020ರಲ್ಲಿ ಗೊತ್ತಾಗಿದೆ. ಆದ್ದರಿಂದ ಸೋಂಕಿಲ್ಲದ ಪಾಚಿಯ ಡಿಎನ್‌ಎಯನ್ನೂ ಓದಿಸಿ ಹೋಲಿಸಬೇಕು.

ಎಲ್ಲ ಸರಿಯಾಗಿ ನಡೆದು ಕೆಲವು ತಿಂಗಳಾದ ಮೇಲೆ ಒಂದು ತೊಂದರೆ ಬರಬಹುದು. ವೈರಸ್ ದಾಟಿಸುತ್ತ ಹೋದ ಹಾಗೆ ಅದರ ಇಳುವರಿ ಕುಸಿಯುತ್ತದೆ, ಸಾಯಬೇಕಾದ ಜೀವಿ ಚೇತರಿಸಿಕೊಳ್ಳುತ್ತದೆ. ಆಗ ಮಾಧ್ಯಮವನ್ನು ದೂರುವ ಮೊದಲು ವೈರೋಫೇಜ್ ಇದೆಯೇ ನೋಡಿ. ದೈತ್ಯ ವೈರಸ್ಸಿನ ಯಂತ್ರವನ್ನೇ ಬಳಸಿಕೊಂಡು ಬೆಳೆಯುವ ಪುಟ್ಟ ವೈರಸ್ ಇದು; ಮೊದಲನೆಯದು, ಸ್ಪುಟ್ನಿಕ್, 2008ರಲ್ಲಿ ಸಿಕ್ಕಿತು. ಕ್ರೋವಿಯ ಜೊತೆ ಬರುವ ಮಾವೈರಸ್ ಕೆಫೆಟೀರಿಯಾದ ಜೀನೋಮಿನೊಳಗೆ ಸೇರಿಕೊಂಡು ಕಾಯುತ್ತಿದ್ದು, ಕ್ರೋವಿ ನುಗ್ಗಿದಾಗ ಎದ್ದು ಬರುತ್ತದೆ. ಒಡೆದ ಆ ಕೋಶದಿಂದ ಹೊರಬಂದ ಕಣಗಳು ಸುತ್ತಲಿನ ಕಶಾಂಗಿಗಳನ್ನು ಕಾಯುತ್ತವೆ. ಕಣ 50ರಿಂದ 75 ನ್ಯಾನೋಮೀಟರ್. ಸೋಸಿ ನೋಡುವ ವಿಧಾನ ಮೊದಲಿನದ್ದೇ, ದಿಕ್ಕು ಮಾತ್ರ ಬೇರೆ: ದುರ್ಬಲವಾದ ದಾಸ್ತಾನನ್ನು 0.1 ಮೈಕ್ರಾನಿನಲ್ಲಿ ಸೋಸಿ, ಇಳಿದದ್ದನ್ನು ಹೊಸ ಜೀವಿಗೆ ಮೊದಲ ದಾಟಿನ ಬಲವಾದ ವೈರಸ್ ಜೊತೆ ಹಾಕಿ. ಇಳುವರಿ ಅಲ್ಲೂ ಕುಸಿದರೆ, ಎರಡನೆಯ ವೈರಸ್ ಆ ಸೋಸಿದ ನೀರಿನಲ್ಲಿದೆ. ಈ ಪರೀಕ್ಷೆ ಮಾಡಬೇಕಾದರೆ ಮೊದಲ ದಾಟಿನ ವೈರಸ್ ಬಾಟಲಿ 4 ಡಿಗ್ರಿಯಲ್ಲಿ ಇನ್ನೂ ಇರಬೇಕು. ಆದ್ದರಿಂದ ಪ್ರತಿ ದಾಟಿನದ್ದೂ 10 ಮಿಲಿಲೀಟರ್ ಎತ್ತಿಡಿ, ಮೇಲೆ ದಾಟಿನ ಸಂಖ್ಯೆ ಬರೆದಿರಲಿ.